ಮಳೆಗಾಲಕ್ಕೆ ಮುಂಚೆ ಮನಸ್ಸಿಗೂ ಒಂದು ತಾಲೀಮು: ಕೊಡಗಿನ ರಕ್ಷಣಾ ಸಿಬ್ಬಂದಿಗೆ ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ಕೊಡಗಿನಲ್ಲಿ ಮುಂಗಾರು ಸಿದ್ಧತೆಯ ಸಭೆಗಳು ಶುರುವಾಗುತ್ತವೆ. ಹಗ್ಗ, ಲೈಫ್ ಜಾಕೆಟ್, ರಬ್ಬರ್ ದೋಣಿ, ಮರ ಕೊಯ್ಯುವ ಯಂತ್ರ, ಜೆಸಿಬಿ ಮಾಲೀಕರ ಫೋನ್ ನಂಬರು, ಕಾಳಜಿ ಕೇಂದ್ರ ತೆರೆಯುವ ಶಾಲೆಗಳ ಪಟ್ಟಿ, ಎಲ್ಲದಕ್ಕೂ ಲೆಕ್ಕವಿರುತ್ತದೆ. ಆ ಹಗ್ಗ ಹಿಡಿಯುವವನಿಗೆ ರಾತ್ರಿ ನಿದ್ದೆ ಬರುತ್ತಿದೆಯೇ, ಹೋದ ಮಳೆಗಾಲದಲ್ಲಿ ಕಂಡದ್ದು ಅವನ ಕಣ್ಣಿನಿಂದ ಸರಿದಿದೆಯೇ ಎಂದು ಕೇಳುವ ಕಾಲಂ ಮಾತ್ರ ಯಾವ ನಮೂನೆಯಲ್ಲೂ ಇರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆಯ ಗುಡ್ಡಗಳು ಕುಸಿದವು. ಮರುವರ್ಷ ತೋರದಲ್ಲಿ ಮನೆಗಳ ಮೇಲೆ ಮಣ್ಣು ಬಿತ್ತು, ಕರಡಿಗೋಡು ಮತ್ತು ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದಳು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಜಾರಿ ಅರ್ಚಕರ ಕುಟುಂಬ ಮಣ್ಣಿನಡಿ ಸಿಲುಕಿತು, ಶೋಧ ದಿನಗಟ್ಟಲೆ ನಡೆಯಿತು. ಹೊರಗಿನಿಂದ ಬಂದ ತಂಡಗಳು ಕೆಲಸ ಮುಗಿಸಿ ತಮ್ಮ ನೆಲೆಗೆ ಮರಳಿದವು. ಸ್ಥಳೀಯ ಸಿಬ್ಬಂದಿಗೆ ಮರಳಲು ಬೇರೆ ಊರಿರಲಿಲ್ಲ. ಇವುಗಳ ನಡುವೆ ವರ್ಷವಿಡೀ ಕಾಡಾನೆ ದಾಳಿ, ಘಾಟಿಯ ಅಪಘಾತ, ಹಾವು ಕಡಿತ, ಹೊಳೆಯಲ್ಲಿ ಮುಳುಗಿದವರ ಹುಡುಕಾಟ ಇದ್ದೇ ಇದೆ.

ಮೈಂಡ್‌ಫುಲ್‌ನೆಸ್ ಎಂಬ ಗಮನದ ಅಭ್ಯಾಸವನ್ನು ಹೇಳಿಕೊಡುವ ಈ ಬರಹ ಯಾರಿಗೆ? 108 ಆಂಬುಲೆನ್ಸ್‌ನ ಇಎಂಟಿ (ತುರ್ತು ಚಿಕಿತ್ಸಾ ಸಿಬ್ಬಂದಿ) ಮತ್ತು ಪೈಲಟ್ (ಚಾಲಕ), ಅಗ್ನಿಶಾಮಕ ಠಾಣೆಯವರು, ಪೊಲೀಸರು, ಗೃಹರಕ್ಷಕರು, ಅರಣ್ಯ ಇಲಾಖೆಯ ವಾಚರ್‌ಗಳು, ಆನೆ ಕಾರ್ಯಪಡೆಯವರು, ಗಾಳಿ ಮಳೆಯಲ್ಲಿ ಕಂಬ ಹತ್ತುವ ಸೆಸ್ಕ್ ಲೈನ್‌ಮನ್‌ಗಳು, ಆಶಾ ಕಾರ್ಯಕರ್ತೆಯರು. ಜೊತೆಗೆ ಯಾವ ಹುದ್ದೆಯೂ ಇಲ್ಲದ ಜೀಪ್ ಚಾಲಕರು, ತೋಟದ ಮೇಸ್ತ್ರಿಗಳು, ಮರ ಕಡಿಯುವ ಹುಡುಗರು. ರಸ್ತೆ ಮುಚ್ಚಿದ ಹಳ್ಳಿಗೆ ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಅರ್ಧ ಕೆಲಸ ಇವರೇ ಮಾಡಿರುತ್ತಾರೆ.

ಮೈಂಡ್‌ಫುಲ್‌ನೆಸ್ ಎನ್ನುವ ತರಬೇತಿಯ ಹುರುಳು ಇಷ್ಟೇ: ಈ ಕ್ಷಣದಲ್ಲಿ ದೇಹದಲ್ಲಿ, ಮನಸ್ಸಿನಲ್ಲಿ, ಸುತ್ತಮುತ್ತ ಏನು ನಡೆಯುತ್ತಿದೆಯೋ ಅದನ್ನು ಗಮನಿಸುವುದು, ಗಮನ ಜಾರಿದಾಗ ತನ್ನನ್ನು ಬೈದುಕೊಳ್ಳದೆ ವಾಪಸು ತರುವುದು. ಬೌದ್ಧ ಧ್ಯಾನದ ಬೇರಿನಿಂದ ಬಂದ ಈ ಅಭ್ಯಾಸವನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬತ್-ಜಿನ್ ವಾರಗಟ್ಟಲೆ ನಡೆಯುವ ತರಗತಿಯಾಗಿ ರೂಪಿಸಿದರು, ಈಗ ಅದು ಎಂಟು ವಾರಗಳದ್ದು. ದೀರ್ಘಕಾಲದ ನೋವಿನಿಂದ ನರಳುವ ರೋಗಿಗಳಿಗೆಂದು ಆರಂಭವಾದ ಅದನ್ನು ಮುಂದೆ ಆರೆಗಾನ್‌ನ ಪೊಲೀಸರಿಗೆ, ಫ್ಲಾರಿಡಾದ ಅಗ್ನಿಶಾಮಕ ಸಿಬ್ಬಂದಿಗೆ ಹೊಂದಿಸಿ ಕಲಿಸಿದ್ದಾರೆ. ಒತ್ತಡ ತಗ್ಗಿಸಲು, ಚೇತರಿಸಿಕೊಳ್ಳಲು ನೆರವಾಗುತ್ತದೆಂದು ಆ ಅಧ್ಯಯನಗಳು ಹೇಳುತ್ತವೆ. ಅವು ಸಣ್ಣ ಅಧ್ಯಯನಗಳು, ಪವಾಡವನ್ನೇನೂ ನಿರೀಕ್ಷಿಸಬೇಡಿ. ಇದಕ್ಕೆ ದೇವರು, ಮಂತ್ರ, ಚಾಪೆ, ಮೊಬೈಲ್ ಆ್ಯಪ್ ಯಾವುದೂ ಬೇಕಿಲ್ಲ. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಬೈಲುಕುಪ್ಪೆಯ ಭಿಕ್ಷುಗಳ ಹಾಗೆ ಗಂಟೆಗಟ್ಟಲೆ ಕೂರಬೇಕಾಗಿಯೂ ಇಲ್ಲ.

ಯಾವಾಗ ಆರಂಭಿಸಬೇಕು

ಮಳೆ ಹಿಡಿದ ಮೇಲೆ ಕಲಿಯುತ್ತೇನೆಂದರೆ ಆಗದು. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಫೋನ್ ಬಡಿದುಕೊಳ್ಳುತ್ತಿರುವಾಗ ಯಾರಿಗೂ ಹೊಸ ಪಾಠ ಹತ್ತುವುದಿಲ್ಲ. ಕಾಫಿ ಹೂಮಳೆ ಬಿದ್ದು ಏಪ್ರಿಲ್ ಹಿಡಿದಾಗ ಶುರು ಮಾಡಿದರೆ ಮುಂಗಾರಿಗೆ ಮುಂಚೆ ಎಂಟು ವಾರ ಸಿಗುತ್ತದೆ. ಅರಣ್ಯ ಸಿಬ್ಬಂದಿಗೆ ಅದು ಕಾಳ್ಗಿಚ್ಚಿನ ಕಾಲ, ಅವರು ಮೊದಲ ಮಳೆಗಳ ನಂತರ ಸೇರಿಕೊಳ್ಳಲಿ, ನಾಲ್ಕು ವಾರವಾದರೂ ಸಾಕು. ದಿನಕ್ಕೆ ಹತ್ತು ನಿಮಿಷ, ಅದನ್ನೂ ಎರಡು ಮೂರು ತುಂಡು ಮಾಡಿಕೊಳ್ಳಬಹುದು. ವಾರಕ್ಕೊಮ್ಮೆ ಗಂಟೆಗಟ್ಟಲೆ ಕೂರುವುದಕ್ಕಿಂತ ದಿನಾ ಮಾಡುವ ಮೂರು ನಿಮಿಷ ಮೇಲು.

ಮೊದಲ ಎರಡು ವಾರ: ಕಾಲು

ಬಹಳ ಕಡೆ ಮೊದಲ ದಿನವೇ ಕಣ್ಣು ಮುಚ್ಚಿಸಿ ಉಸಿರಿನ ಮೇಲೆ ಗಮನ ಇಡಿಸುತ್ತಾರೆ. ಮಣ್ಣಿನಡಿಯಿಂದ ಹೆಣ ತೆಗೆದವರಿಗೆ, ಹೊಳೆಯ ಸೆಳೆತಕ್ಕೆ ಸಿಕ್ಕಿ ಬದುಕಿ ಬಂದವರಿಗೆ ಇದು ಸರಿಹೋಗದಿರಬಹುದು. ಕಣ್ಣು ಮುಚ್ಚಿದೊಡನೆ ಅದೇ ದೃಶ್ಯ ಎದ್ದು ನಿಲ್ಲುತ್ತದೆ, ಉಸಿರನ್ನು ಗಮನಿಸಿದಷ್ಟೂ ಉಸಿರುಗಟ್ಟುತ್ತದೆ. ಆದ್ದರಿಂದ ಕಾಲಿನಿಂದ ಆರಂಭಿಸಿ.

ಬೂಟು ಹಾಕಿಕೊಂಡೇ ನಿಲ್ಲಿ. ಕಣ್ಣು ತೆರೆದಿರಲಿ, ದೃಷ್ಟಿ ಎರಡು ಮಾರು ದೂರದ ನೆಲದ ಮೇಲಿರಲಿ. ದೇಹದ ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲೋ ನೋಡಿ. ಭಾರವನ್ನು ನಿಧಾನ ಎಡಗಾಲಿಗೆ ತನ್ನಿ, ಅಲ್ಲಿಂದ ಬಲಗಾಲಿಗೆ. ಕಾಲುಚೀಲ ಒದ್ದೆಯಾಗಿದ್ದರೆ ಆ ಒದ್ದೆಯನ್ನೂ ಗಮನಿಸಿ. ಮೂವತ್ತು ಸೆಕೆಂಡಿನೊಳಗೆ ಮನಸ್ಸು ಮಗಳ ಶಾಲೆಯ ಶುಲ್ಕದ ಕಡೆಗೋ ಬಾರದ ಭತ್ಯೆಯ ಕಡೆಗೋ ಹೋಗಿರುತ್ತದೆ. ಹೋಗಲಿ. ಹೋಯಿತೆಂದು ಗೊತ್ತಾದ ತಕ್ಷಣ ಪಾದಕ್ಕೆ ಹಿಂತಿರುಗಿ. ಹೀಗೆ ಹಿಂತಿರುಗುವುದೇ ಅಭ್ಯಾಸ. ಮೂರು ನಿಮಿಷದಲ್ಲಿ ಇಪ್ಪತ್ತು ಸಲ ಹಿಂತಿರುಗಬೇಕಾದರೆ ಇಪ್ಪತ್ತು ಸಲ ಅಭ್ಯಾಸವಾಯಿತೆಂದೇ ಲೆಕ್ಕ.

"ಇದೆಲ್ಲ ನಮಗಲ್ಲ ಸಾರ್" ಎನ್ನುವ ವಾಚರ್‌ಗಳು ಇರುತ್ತಾರೆ. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಆನೆ ಓಡಿಸಲು ಹೊರಟ ತಂಡವನ್ನು ನೋಡಿದರೆ, ಇದನ್ನು ಅವರಿಗೆ ಹೊಸದಾಗಿ ಕಲಿಸಬೇಕಿಲ್ಲ ಎನಿಸುತ್ತದೆ. ಬೆಳಗಿನ ಮಂಜು, ತಲೆಮಟ್ಟದ ರೋಬಸ್ಟಾ ಕಾಫಿ ಗಿಡ, ಹತ್ತು ಮಾರು ಆಚೆ ಏನೂ ಕಾಣದು. ಮುಂದಿರುವವನು ಕೈ ಎತ್ತಿದರೆ ಎಲ್ಲರೂ ನಿಲ್ಲುತ್ತಾರೆ. ಅವನು ತಲೆ ಓರೆ ಮಾಡಿ ಕೇಳುತ್ತಾನೆ. ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುವ ಸದ್ದು, ಅದರ ಹಿಂದೆಲ್ಲೋ ಬೈನೆ ಮರ ಸೀಳುವ ಸದ್ದು. ಬಗ್ಗಿ ಲದ್ದಿಯನ್ನು ಮುಟ್ಟಿ ಬಿಸಿಯಿದೆಯೇ ನೋಡುತ್ತಾನೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೂಗೆತ್ತುತ್ತಾನೆ. ಆ ಹೊತ್ತಿನಲ್ಲಿ ಅವನ ಮನಸ್ಸು ನಿನ್ನೆಯಲ್ಲೂ ಇಲ್ಲ, ನಾಳೆಯಲ್ಲೂ ಇಲ್ಲ. ಅದೇ ಗಮನವನ್ನು ಹೊರಗಿನಿಂದ ಕೊಂಚ ಒಳಕ್ಕೆ, ತನ್ನ ಎದೆಬಡಿತದ ಕಡೆಗೆ, ಬಿಗಿದ ದವಡೆಯ ಕಡೆಗೆ ತಿರುಗಿಸುವುದಷ್ಟೇ ಬಾಕಿ. ಇಂಥವರಿದ್ದರೆ ತಂಡಕ್ಕೆ ಹೇಳಿಕೊಡುವ ಕೆಲಸವನ್ನು ಅವರಿಗೇ ಒಪ್ಪಿಸಿ. ಹೊರಗಿನಿಂದ ಬಂದ ತಜ್ಞರಿಗಿಂತ ಅವರ ಮಾತು ನಾಟುತ್ತದೆ.

ಮೂರನೇ ವಾರದಿಂದ: ಉಸಿರು

ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ನಡುವೆ ಉಸಿರು ಹಿಡಿಯಬೇಡಿ. ನಿಮಿಷಕ್ಕೆ ಆರರಷ್ಟು ಉಸಿರಾಟವಾಗುತ್ತದೆ. ಅಪಾಯ ಕಂಡಾಗ ದೇಹ ಅಡ್ರಿನಲಿನ್ ಸುರಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನೋಟ ಕಿರಿದಾಗುತ್ತದೆ. ಉಸಿರನ್ನು ನಿಧಾನವಾಗಿ ಬಿಟ್ಟಾಗ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ನಿಮ್ಮ ನಾಡಿ ಹಿಡಿದುಕೊಂಡೇ ಉಸಿರಾಡಿ ನೋಡಿ, ಬಿಡುವಾಗ ಬಡಿತ ಸ್ವಲ್ಪ ನಿಧಾನವಾಗುವುದು ಬೆರಳಿಗೇ ತಿಳಿಯಬಹುದು. ಇಎಂಟಿಗಳು ಪಲ್ಸ್ ಆಕ್ಸಿಮೀಟರ್ ಹಾಕಿಕೊಂಡು ನೋಡಲಿ. ನಂಬದ ಸಹೋದ್ಯೋಗಿಯನ್ನು ಒಪ್ಪಿಸಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಆಸ್ತಮಾ ಇದ್ದವರು, ತಲೆ ಸುತ್ತಿದವರು, ಉಸಿರಿಗೆ ಗಮನ ಕೊಟ್ಟರೆ ಗಾಬರಿ ಏರುವವರು ಇದನ್ನು ಬಿಟ್ಟು ಕಾಲಿನ ಅಭ್ಯಾಸವನ್ನೇ ಮುಂದುವರಿಸಲಿ. ಮಳೆಯ ಸದ್ದನ್ನು ಆಲಿಸುವುದೂ ಆದೀತು.

ಐದನೇ ವಾರದಿಂದ: ಕೆಲಸಕ್ಕೆ ಹೊಲಿಯುವುದು

ಬಹುತೇಕ ತರಬೇತಿಗಳು ಸೋಲುವುದು ಇಲ್ಲಿಯೇ. ಸಭಾಂಗಣದಲ್ಲಿ ಕಲಿತದ್ದು ಸಭಾಂಗಣದಲ್ಲೇ ಉಳಿಯುತ್ತದೆ. ಹೇಗಿದ್ದರೂ ಮಾಡುವ ಕೆಲಸಗಳಿಗೆ ಅಭ್ಯಾಸವನ್ನು ಕಟ್ಟಬೇಕು.

ಕರೆ ಬಂದಾಗ: ಕೀಲಿ ತಿರುಗಿಸುವ ಮುಂಚೆ ಒಂದೇ ಒಂದು ದೀರ್ಘ ಉಸಿರು. ಹತ್ತು ಸೆಕೆಂಡು. ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ.

ದಾರಿಯಲ್ಲಿ: ಸಂಪಾಜೆ ಘಾಟಿಯನ್ನು ಮಂಜಿನಲ್ಲಿ ಇಳಿಯುವ ಪೈಲಟ್‌ಗೆ ಉಸಿರು ಎಣಿಸುವ ಕೆಲಸ ಬೇಡ. ಅಂಗೈಗೆ ತಾಗುವ ಸ್ಟೀರಿಂಗ್, ಬೆನ್ನಿಗೆ ತಾಗುವ ಸೀಟು, ಎದುರಿನ ರಸ್ತೆ, ಅಷ್ಟೇ. ಸ್ಟೀರಿಂಗನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿದಿದ್ದೇನೆಂದು ಗೊತ್ತಾದರೆ ಹಿಡಿತ ಸಡಿಲಿಸಿ. ಪಕ್ಕದಲ್ಲಿ ಕುಳಿತವರು ಉಸಿರಿನ ಅಭ್ಯಾಸ ಮಾಡಬಹುದು.

ಸ್ಥಳ ತಲುಪಿದಾಗ: ಇದನ್ನು ಮಾತ್ರ ಯಾರೂ ಬಿಡಬಾರದು. ವಾಹನದಿಂದ ಇಳಿದು, ಕಾಲು ನೆಲಕ್ಕೆ ತಾಗಿದ್ದನ್ನು ಗಮನಿಸಿ, ಒಂದು ಉಸಿರು ಬಿಟ್ಟು, ತಲೆ ಎತ್ತಿ ನೋಡಿ. ಗುಡ್ಡ ಕುಸಿದ ಜಾಗದಲ್ಲಿ ಎಲ್ಲರ ಕಣ್ಣೂ ಕೆಳಗೆ, ಕೂಗು ಕೇಳುತ್ತಿರುವ ಕಡೆಗೆ ಇರುತ್ತದೆ. ಎರಡನೇ ಕುಸಿತ ಬರುವುದು ಮೇಲಿನಿಂದ. ಮೇಲೆ ಹೊಸ ಬಿರುಕು ಇದೆಯೇ, ಮರಗಳು ಓರೆಯಾಗಿವೆಯೇ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿದೆಯೇ ಅಥವಾ ನಿಂತಿದೆಯೇ? ವಿದ್ಯುತ್ ತಂತಿ ಬಿದ್ದಿದೆಯೇ? ಆನೆ ತುಳಿದ ಪ್ರಕರಣವಾದರೆ ಆ ಆನೆ ಈಗ ಎಲ್ಲಿದೆ? ಗಾಬರಿಯಲ್ಲಿ ಕಿರಿದಾದ ನೋಟವನ್ನು ಅಗಲ ಮಾಡಿಕೊಳ್ಳುವ ಉಪಾಯವಿದು. ಮನಶ್ಶಾಂತಿಯ ಮಾತು ಹಾಗಿರಲಿ, ಇದು ನೇರವಾಗಿ ನಿಮ್ಮ ಜೀವ ಉಳಿಸುವ ವಿಷಯ.

ಕೆಲಸದ ನಡುವೆ ಬೇರೇನೂ ಬೇಡ. ಕೈ ನಡುಗಿದರೆ "ಕೈ ನಡುಗುತ್ತಿದೆ" ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಂದಿನ ಗಂಟು ಹಾಕಿ.

ಮುಗಿದ ಮೇಲೆ: ಆಸ್ಪತ್ರೆಯ ಅಂಗಳದಲ್ಲಿ ಸ್ಟ್ರೆಚರ್ ತೊಳೆಯುವ ಹೊತ್ತು ಹೇಗೂ ಇರುತ್ತದೆ. ಬಕೆಟ್ ನೀರು, ಬ್ಲೀಚಿಂಗ್ ವಾಸನೆ, ಬೆಲ್ಟಿನ ಸಂದಿಯಲ್ಲಿ ಅಂಟಿದ ಕೆಮ್ಮಣ್ಣು. ಇಬ್ಬರೂ ಸೇರಿ, ಮಾತಿಲ್ಲದೆ, ಅವಸರವಿಲ್ಲದೆ ತೊಳೆಯಿರಿ. ಕೊನೆಗೆ ಕೈ ತೊಳೆಯುವಾಗ ನೀರಿನ ತಣ್ಣನೆಯನ್ನು ಗಮನಿಸಿ, ಈ ಕೇಸು ಮುಗಿಯಿತು ಎಂದು ಹೇಳಿಕೊಳ್ಳಿ. ಮನಸ್ಸು ತಕ್ಷಣ ಒಪ್ಪುವುದಿಲ್ಲ, ಆದರೂ ಒಂದು ಗೆರೆ ಎಳೆದಂತಾಗುತ್ತದೆ.

ಸತ್ತವರು ಗುರುತಿನವರಾದಾಗ

ನಗರದ ಸಿಬ್ಬಂದಿಗಾಗಿ ಬರೆದ ಪುಸ್ತಕಗಳಲ್ಲಿ ಈ ಅಧ್ಯಾಯವನ್ನು ಹುಡುಕಬೇಕಾಗುತ್ತದೆ. ಬೆಂಗಳೂರಿನ ಆಂಬುಲೆನ್ಸ್‌ನವರಿಗೆ ರೋಗಿಯ ಹೆಸರು ಸಂಜೆಯ ಹೊತ್ತಿಗೆ ಮರೆತುಹೋಗಬಹುದು. ನಾಪೋಕ್ಲಿನಲ್ಲೋ ಶನಿವಾರಸಂತೆಯಲ್ಲೋ ಹಾಗಾಗದು. ನೀವು ಹೊರತೆಗೆದವನು ನಿಮ್ಮ ಜೊತೆ ಹಾಕಿ ಪಂದ್ಯ ಆಡಿದವನು. ಅವನ ತಾಯಿ ಮುಂದಿನ ವಾರ ಸಂತೆಯಲ್ಲಿ ಕೈ ಹಿಡಿದು ಕೇಳುತ್ತಾಳೆ: "ಕೊನೆಗೆ ಏನಾದರೂ ಹೇಳಿದನಾ ಮಗಾ?" ಲೈನ್‌ಮನೆಯ (ತೋಟದ ಕೂಲಿಯವರ ಸಾಲುಮನೆಯ) ಹೆಂಗಸೊಬ್ಬಳ ಹೆರಿಗೆ ದಾರಿಯಲ್ಲೇ ಕೆಟ್ಟರೆ, ಆಶಾ ಅಕ್ಕ ಮರುದಿನವೂ ಅದೇ ಲೈನಿಗೆ ಹೋಗಿ ಉಳಿದ ಮಕ್ಕಳ ತೂಕ ನೋಡಬೇಕು.

ಇದಕ್ಕೆ ಮೊದಲೇ ಸಿದ್ಧರಾಗಬಹುದು. ಸತ್ತವರ ಮನೆಯವರಿಗೆ ಹೇಳುವ ಎರಡು ವಾಕ್ಯಗಳನ್ನು ತಂಡದಲ್ಲಿ ಕುಳಿತು ಮುಂಚಿತವಾಗಿ ಯೋಚಿಸಿಕೊಳ್ಳಿ. ಸುಳ್ಳು ಬೇಡ, ವಿವರವೂ ಬೇಡ. "ನಾವು ತಲುಪಿದಾಗ ಅವನು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ ಅಮ್ಮ. ಕೊನೆಯವರೆಗೂ ನಾವು ಅವನ ಜೊತೆಯಲ್ಲೇ ಇದ್ದೆವು." ಇಷ್ಟು ಸತ್ಯವಾಗಿದ್ದರೆ ಇಷ್ಟೇ ಸಾಕು. ಕುತೂಹಲಕ್ಕೆ ಕೇಳುವವರಿಗೆ ಬೇರೆ ಉತ್ತರ: "ಅದನ್ನು ಹೇಳುವ ಹಾಗಿಲ್ಲ." ಚಹಾದಂಗಡಿಯಲ್ಲಿ ಈ ವಾಕ್ಯ ಹೇಳಲು ಎದೆಗಾರಿಕೆ ಬೇಕು, ಅದನ್ನೂ ಅಭ್ಯಾಸ ಮಾಡಿ, ಒಬ್ಬರು ಕೇಳುವವರಾಗಿ ಇನ್ನೊಬ್ಬರು ಹೇಳುವವರಾಗಿ. ನಗು ಬರುತ್ತದೆ, ಬರಲಿ.

ತಾಯಿ ಮಾತನಾಡುತ್ತಿರುವಾಗ ನಿಮ್ಮ ಗಮನದ ಅರ್ಧ ಆಕೆಯ ಮೇಲೆ, ಅರ್ಧ ನಿಮ್ಮ ಪಾದದ ಮೇಲೆ ಇರಲಿ. ಆಕೆಯ ದುಃಖವನ್ನು ಕೇಳುತ್ತಲೇ ಅದರಲ್ಲಿ ಕೊಚ್ಚಿಹೋಗದೆ ನಿಲ್ಲಲು ಇದು ನೆರವಾಗುತ್ತದೆ. ಕಣ್ಣೀರು ಬಂದರೆ ತಡೆಯಬೇಡಿ.

ಸ್ಥಳದ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನಗಟ್ಟಲೆ ಸುತ್ತುತ್ತವೆ. ನೀವಿದ್ದ ಜಾಗವನ್ನು ಮತ್ತೆ ಮತ್ತೆ ಪರದೆಯ ಮೇಲೆ ನೋಡಬೇಡಿ. ಕೆಲವು ದಿನ ಗುಂಪನ್ನು ಮ್ಯೂಟ್ ಮಾಡಿ, ಡೌನ್‌ಲೋಡ್ ಆಗದಂತೆ ಸೆಟ್ಟಿಂಗ್ ಬದಲಿಸಿ. ತಂಡದ ಯಾರೂ ಹೆಣದ ಚಿತ್ರ ತೆಗೆದು ಹಂಚಬಾರದು ಎಂಬ ನಿಯಮವಂತೂ ಇರಲೇಬೇಕು.

ಆ ರಾತ್ರಿ

ಘಟನೆಯ ಮರುದಿನವೇ ಎಲ್ಲರನ್ನೂ ಕೂರಿಸಿ "ನಿನಗೆ ಏನನ್ನಿಸಿತು" ಎಂದು ಒಬ್ಬೊಬ್ಬರಿಂದ ಹೇಳಿಸುವ ಪದ್ಧತಿ ಹಿಂದೆ ಪ್ರಚಾರದಲ್ಲಿತ್ತು. ಅಂಥ ಒಂದೇ ಬಾರಿಯ ಕಡ್ಡಾಯ ಸಭೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬದಲು ಮಾನಸಿಕ ಪ್ರಥಮ ಚಿಕಿತ್ಸೆ: ಯಾರು ಕುಸಿದಿದ್ದಾರೆ ನೋಡಿ, ಹೇಳಬಯಸಿದರೆ ಕೇಳಿ, ಬೇಕಾದ ನೆರವಿಗೆ ಜೋಡಿಸಿ. ಬಿಸಿ ಗಂಜಿ, ಒಣ ಬಟ್ಟೆ, ಮನೆಗೆ ಒಂದು ಫೋನ್. ಮಾತನಾಡಲು ಒಲ್ಲದವನನ್ನು ಒಲ್ಲದಂತೆಯೇ ಇರಲು ಬಿಡಿ, ಒಬ್ಬಂಟಿಯಾಗಿ ಮಾತ್ರ ಬಿಡಬೇಡಿ.

ಮಲಗಿದಾಗ ಪಾದ, ಮೀನಖಂಡ, ಅಂಗೈ, ಭುಜ ಹೀಗೆ ಒಂದೊಂದನ್ನೇ ಗಮನಿಸಿ ಸಡಿಲ ಬಿಡುತ್ತ ಬನ್ನಿ. ದೇಹದ ಭಾಗಗಳನ್ನು ನೆನೆದರೆ ಕಂಡ ದೃಶ್ಯವೇ ಬರುವುದಾದರೆ ಅಂಗೈ ಒಂದೇ ಸಾಕು.

ಮದ್ಯದ ಮಾತನ್ನೂ ಆಡಿಬಿಡಬೇಕು. ಕೊಡಗಿನಲ್ಲಿ ಕುಡಿತ ಅಪರೂಪವೂ ಅಲ್ಲ, ಗುಟ್ಟೂ ಅಲ್ಲ. ಚಳಿ ಮಳೆಯಲ್ಲಿ ನೆನೆದು ಬಂದವನಿಗೆ ಎರಡು ಪೆಗ್ ಹಾಕಿದರೆ ಬೇಗ ನಿದ್ದೆ ಹತ್ತುವುದೂ ನಿಜ. ಆದರೆ ರಾತ್ರಿಯ ಎರಡನೇ ಭಾಗದಲ್ಲಿ ಆ ನಿದ್ದೆ ಒಡೆಯುತ್ತದೆ, ನಾಲ್ಕು ಗಂಟೆಗೆ ಎಚ್ಚರವಾಗಿ ಅದೇ ದೃಶ್ಯದ ಜೊತೆ ಕೂರಬೇಕಾಗುತ್ತದೆ. ಕೆಟ್ಟ ಕಾರ್ಯಾಚರಣೆ ನಡೆದ ದಿನವಾದರೂ ಕುಡಿಯಬೇಡಿ.

ತಂಡದ ಮುಖ್ಯಸ್ಥರಿಗೆ

ಅಭ್ಯಾಸಕ್ಕೆ ಹಾಜರಾತಿ ಪುಸ್ತಕ ಇಡಬೇಡಿ. ಹಾಜರಿ ಕರೆಯುವ ಹೊತ್ತಿನಲ್ಲಿ ಐದು ನಿಮಿಷ ಕೊಟ್ಟು, ನೀವೂ ಸಾಲಿನಲ್ಲಿ ನಿಂತುಕೊಳ್ಳಿ. ಒಲ್ಲೆ ಎಂದವರ ಬಗ್ಗೆ ಟೀಕೆ ಬೇಡ. ಸೂಚನೆ ಯಾವ ಭಾಷೆಯಲ್ಲಿ ಸಲೀಸೋ ಅದರಲ್ಲಿರಲಿ. ಒಂದೇ ತಂಡದಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ ಮಾತನಾಡುವವರು ಇರುವ ಜಿಲ್ಲೆ ಇದು, "ಪಾದ ನೋಡಿಕೊಳ್ಳಿ" ಎನ್ನಲು ಶುದ್ಧ ಕನ್ನಡವೇ ಬೇಕೆಂದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ. ಹದಿನಾರು ಗಂಟೆ ದುಡಿಸಿ, ಒದ್ದೆ ಬಟ್ಟೆಯಲ್ಲಿ ಮಲಗಿಸಿ, ದಿನಗೂಲಿಯನ್ನು ಮೂರು ತಿಂಗಳು ತಡೆಹಿಡಿದು, ಆಮೇಲೆ ಉಸಿರಾಟ ಹೇಳಿಕೊಡುವುದು ಅನ್ಯಾಯ. ಪಾಳಿ, ಒಣ ಕಾಲುಚೀಲ, ಸರಿಯಾದ ಬೂಟು, ಹೊತ್ತಿಗೆ ಸಂಬಳ, ಕೆಟ್ಟ ಕೇಸಿನ ನಂತರ ಒಂದು ದಿನ ರಜೆ ಇವು ಮೊದಲು. ಇವನ್ನು ಕೊಡಲಾಗದ ಕಡೆ ಈ ತರಬೇತಿಯನ್ನು ತೋರಿಸಿ ಪ್ರಗತಿ ವರದಿ ಬರೆಯಬೇಡಿ.

ಅಭ್ಯಾಸ ಸಾಲದಾದಾಗ

ದೊಡ್ಡ ಘಟನೆಯ ನಂತರ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಸಹಜ. ಒಂದು ತಿಂಗಳು ದಾಟಿಯೂ ದೃಶ್ಯಗಳು ನುಗ್ಗಿ ಬರುತ್ತಿದ್ದರೆ, ಆ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುವಂತಾದರೆ, ಮನೆಯವರ ಮೇಲೆ ವಿನಾಕಾರಣ ಸಿಟ್ಟು ಏರುತ್ತಿದ್ದರೆ, ಯಾವುದೂ ಬೇಡವೆನಿಸಿದರೆ ವೈದ್ಯರನ್ನು ಕಾಣಬೇಕು. ಅಭ್ಯಾಸ ಮಾಡಿದಷ್ಟೂ ಹೆಚ್ಚಾಗುತ್ತಿದ್ದರೆ ಅಭ್ಯಾಸವನ್ನೇ ನಿಲ್ಲಿಸಿ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲು ಮುಜುಗರವಾದರೆ ಹೇಳಬೇಕಿಲ್ಲ. ನೆಟ್‌ವರ್ಕ್ ಸಿಗದ ಊರಿನವರು ಎಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ಮೊದಲೇ ಗುರುತಿಸಿಕೊಳ್ಳಲಿ.

ಸಾಯುವ ಯೋಚನೆ ಬರುತ್ತಿದ್ದರೆ ಇಂದೇ ಯಾರಿಗಾದರೂ ಹೇಳಿ. ಸಹೋದ್ಯೋಗಿಯ ಬಗ್ಗೆ ಅನುಮಾನ ಬಂದರೆ ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಮನೆ ಮನೆಯಲ್ಲಿ ಕೋವಿ ಇರುವ ಜಿಲ್ಲೆಯಲ್ಲಿ ಮತ್ತೊಂದು ಹೆಜ್ಜೆಯೂ ಬೇಕು. ಅವನು ಸುಧಾರಿಸಿಕೊಳ್ಳುವವರೆಗೆ ಕೋವಿಯನ್ನು ಬೇರೆಡೆ ಇಡುವಂತೆ ಅಣ್ಣನಿಗೋ ಮಾವನಿಗೋ ಹೇಳಿ, ತೋಟಕ್ಕೆ ತಂದ ಕೀಟನಾಶಕವನ್ನೂ ಬೀಗ ಹಾಕಿಸಿ.

ಮಳೆ ಬಿಟ್ಟ ಮೇಲೆ

ತುಲಾ ಸಂಕ್ರಮಣದ ತಲಕಾವೇರಿ ಬಂದೋಬಸ್ತು ಮುಗಿದು ಪುತ್ತರಿ ಸುಗ್ಗಿ ಹಬ್ಬಕ್ಕೆ ಇನ್ನೂ ದಿನವಿರುವಾಗ ತಂಡ ಒಮ್ಮೆ ಸೇರಲಿ. ಯಾವ ಅಭ್ಯಾಸ ನಿಜವಾಗಿ ಕೈಗೆ ಬಂತು, ಯಾವುದು ಕಾಗದದಲ್ಲೇ ಉಳಿಯಿತು ಎಂದು ಬಾಯಿಬಿಟ್ಟು ಹೇಳಿಕೊಳ್ಳಲಿ. ಬಳಕೆಗೆ ಬಾರದ್ದನ್ನು ಬಿಟ್ಟುಬಿಡಿ. ಒಂದೆರಡು ಉಳಿದರೂ ಅವನ್ನು ಮುಂದಿನ ಏಪ್ರಿಲ್‌ನಲ್ಲಿ ಹೊಸದಾಗಿ ಸೇರಿದವರಿಗೆ ಹೇಳಿಕೊಡುವವರು ಯಾರೆಂದು ಅಲ್ಲೇ ಹೆಸರು ಬರೆದಿಡಿ.